ವರ್ತಕನ ಹೆಸರಿನಲ್ಲಿ ನಡಿಗೆ

“ಗುರುಗಳೇ, ಸಕ್ಕರೆ ಕಾಯಿಲೆಗೆ ಮಾತ್ರೆ ತಪ್ಪಿಸುತ್ತಿಲ್ಲ, ಸಿಹಿ ಮುಟ್ಟುತ್ತಿಲ್ಲ. ಆದರೂ ದಿನಾ ನಡೆಯಲೇಬೇಕು ಎನ್ನುತ್ತಾರೆ ವೈದ್ಯರು. ಅಷ್ಟೊಂದು ಅಗತ್ಯವೇ?” ಎಂದು ಶಿಷ್ಯ ಶ್ಯಾಮಯ್ಯ ಜಗಲಿಯ ಕಂಬಕ್ಕೆ ಒರಗಿಕೊಂಡು ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ದೊಡ್ಡ ಭಕ್ತ. ದೇವಸ್ಥಾನಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಹೆಸರು, ಗೋತ್ರ, ನಕ್ಷತ್ರ ಬರೆದು ಕಳಿಸಿದರೆ ಅರ್ಚಕರು ಅವನ ಪರವಾಗಿ ಪೂಜೆ ಮಾಡಿ ಪ್ರಸಾದ ಕಳಿಸುತ್ತಿದ್ದರು. ಮೂವತ್ತು ವರ್ಷ ಈ ಏರ್ಪಾಟು ಚೆನ್ನಾಗಿ ಸಾಗಿತ್ತು. ದೇವರ ಕಡೆಯಿಂದ ದೂರು ಬಂದಿರಲಿಲ್ಲ.

ಅವನಿಗೆ ಒಂದೇ ಆಸೆ ಉಳಿದಿತ್ತು. ಬೆಟ್ಟದ ಮೇಲಿನ ಗುಡಿಯಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಡಿ ತೆಗೆಸಬೇಕು. ಬೆಟ್ಟಕ್ಕೆ ಮುನ್ನೂರು ಮೆಟ್ಟಿಲು. ಅವನಿಗೆ ಹತ್ತು ವರ್ಷದ ಸಕ್ಕರೆ ಕಾಯಿಲೆ.

ವೈದ್ಯರು ಪರೀಕ್ಷೆ ಮಾಡಿ ತಿಳಿಸಿ ಹೇಳಿದರು. ರಕ್ತದಲ್ಲಿ ಸಕ್ಕರೆ ಏರಿದರೆ ಅದು ರಕ್ತನಾಳಗಳ ಒಳಗೋಡೆಯನ್ನು ಕೆರಳಿಸುತ್ತದೆ. ಕಾಲಿನ ಗಾಯ ಬಾತುಕೊಂಡರೆ ಕಾಣುತ್ತದೆ, ನೋಯುತ್ತದೆ. ನಾಳದೊಳಗಿನ ಈ ಉರಿಯೂತ ಕಾಣುವುದೂ ಇಲ್ಲ, ನೋಯುವುದೂ ಇಲ್ಲ. ಸದ್ದಿಲ್ಲದೆ ಹೃದಯಕ್ಕೆ ಕೇಡು ತರುತ್ತದೆ. ಮಾತ್ರೆಯ ಜೊತೆಗೆ ದಿನಾ ನಡೆದರೆ ತಗ್ಗುತ್ತದೆ. ನಿಲ್ಲಿಸಿದರೆ ಮತ್ತೆ ಹೆಡೆಯೆತ್ತುತ್ತದೆ.

ವೈದ್ಯರ ಬಳಿ ಬಂದವರು ಕೂರುವ ಬೆಂಚಿನ ಮೇಲೆ ಒಬ್ಬ ರೈತ ಕೂತಿದ್ದ. ಅದೇ ಕಾಯಿಲೆ, ಅದೇ ಸಲಹೆ. ಬೇಸಾಯ ಮಕ್ಕಳಿಗೆ ಒಪ್ಪಿಸಿ ಅವನು ಅರಳಿಕಟ್ಟೆಗೆ ವಾಸ ಬದಲಿಸಿದ್ದ. ತನ್ನ ಪರವಾಗಿ ನಡೆಯಲು ವರ್ತಕ ಅವನನ್ನು ತಿಂಗಳಿಗಿಷ್ಟು ರಾಗಿ ಎಂದು ಗೊತ್ತು ಮಾಡಿಕೊಂಡ.

ಮರುದಿನದಿಂದ ರೈತ ವರ್ತಕನ ಬಾಗಿಲಲ್ಲಿ ನಿಂತು, ಅವನ ಹೆಸರು, ಗೋತ್ರ ಹೇಳಿ, ಕೆರೆ ಏರಿಯವರೆಗೆ ಬಿರಬಿರನೆ ನಡೆದು ಬರತೊಡಗಿದ. ಬಂದು ವರದಿ ಒಪ್ಪಿಸುತ್ತಿದ್ದ. ಕೇಳಿಯೇ ದಣಿದ ವರ್ತಕ ಇನ್ನೊಂದು ಲೋಟ ಕಾಫಿ ತರಿಸುತ್ತಿದ್ದ. ಮಳೆಯ ದಿನ ರೈತ ಹಿಂಜರಿದರೆ ತಾನೇ ಕೊಡೆ ಕೊಟ್ಟು ಕಳಿಸುತ್ತಿದ್ದ. ವೈದ್ಯರು ದಿನಾ ಎಂದಿದ್ದರಲ್ಲ. ನಿಯಮದಲ್ಲಿ ಅವನು ಬಲು ಕಟ್ಟುನಿಟ್ಟು.

ವರ್ಷ ತುಂಬಿತು. ಮುಡಿಯ ದಿನ ವರ್ತಕ ರೈತನನ್ನೂ ಕರೆದುಕೊಂಡು ಬೆಟ್ಟಕ್ಕೆ ಹೋದ. ನಲವತ್ತನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಕೂತ, ಮತ್ತೆ ಏಳಲಾಗಲಿಲ್ಲ. ಮುಹೂರ್ತ ಕಾಯುವುದಿಲ್ಲ. ರೈತ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮೇಲೆ ಹೋದ. ರೈತನ ತೊಡೆಯ ಮೇಲೆ, ವರ್ತಕನ ಗೋತ್ರದಲ್ಲಿ ಮುಡಿ ತೆಗೆಸಿದ್ದಾಯಿತು. ಇಳಿದು ಬಂದ ಬೋಳುತಲೆಯ ಮಗು ರೈತನ ಕಿವಿ ಹಿಡಿದುಕೊಂಡು “ತಾತ, ಇನ್ನೊಂದು ಸಲ” ಎನ್ನುತ್ತಿತ್ತು.

ವರ್ತಕ ರೈತನನ್ನೂ ಕರೆದುಕೊಂಡು ನೆಟ್ಟಗೆ ವೈದ್ಯರ ಬಳಿ ಹೋದ. ವೈದ್ಯರು ಇಬ್ಬರನ್ನೂ ಪರೀಕ್ಷಿಸಿದರು. ರೈತನ ಸಕ್ಕರೆ ಇಳಿದಿತ್ತು, ಉರಿಯೂತ ತಗ್ಗಿತ್ತು, ಹೃದಯ ಗಟ್ಟಿಯಾಗಿತ್ತು. ವರ್ತಕನ ಸಕ್ಕರೆ, ಉರಿಯೂತ ಎರಡೂ ಹೋದ ವರ್ಷಕ್ಕಿಂತ ಒಂದು ಕೈ ಮೇಲೆ.

“ಸಂಕಲ್ಪ ನನ್ನ ಹೆಸರಿನಲ್ಲಿತ್ತು, ಸ್ವಾಮಿ. ಫಲ ಇವನಿಗೆ ಹೇಗೆ ಹೋಯಿತು?”

“ರಕ್ತನಾಳ ಗೋತ್ರ ಕೇಳುವುದಿಲ್ಲ, ಯಜಮಾನರೇ. ಕಾಲು ಯಾರದೆಂದು ಮಾತ್ರ ನೋಡುತ್ತದೆ.”

ವೈದ್ಯರು ಮೊದಲು ಔಷಧಿ ಸರಿಪಡಿಸಿ, ನಿಧಾನವಾಗಿ ಶುರು ಮಾಡಲು ಹೇಳಿದರು. ಮರುದಿನ ವರ್ತಕ ಬೀದಿಯ ಕೊನೆಯವರೆಗೆ ಹೋಗಿ ಬಂದ. ಆರು ತಿಂಗಳಿಗೆ ಕೆರೆ ಏರಿ ಮುಟ್ಟಿದ. ಎರಡು ವರ್ಷ ಕಳೆದು ಮೊಮ್ಮಗಳ ಮುಡಿ ಬಂದಾಗ ಏಳು ಕಡೆ ಕೂತು ಎದ್ದು ಬೆಟ್ಟ ಹತ್ತಿದ. ಮಗು ಅವನ ತೊಡೆಯ ಮೇಲೆಯೇ ಅತ್ತಿತು. ಆ ದಿನ ರೈತನನ್ನು ಮಾತ್ರ ಬಹಳ ಗೌರವದಿಂದ, ಚಪ್ಪಲಿ ನೋಡಿಕೊಳ್ಳಲು ಕೆಳಗೇ ಬಿಟ್ಟಿದ್ದ.

ಶ್ಯಾಮಯ್ಯ ತೊಡೆ ತಟ್ಟಿ ನಕ್ಕ. ಕೇಳಿದ್ದಕ್ಕೇ ಮೈ ಹಗುರವಾಯಿತು, ಇಂಥದ್ದನ್ನು ದಿನಕ್ಕೊಂದು ಹೇಳಬೇಕು ಎಂದ.

ಗುರುಗಳು ಹೇಳಿದರು: “ನಡೆದವರು ಕತೆಯೊಳಗಿನವರು, ಶ್ಯಾಮಯ್ಯ, ನೀನು ಇನ್ನೂ ಕಂಬ ಬಿಟ್ಟಿಲ್ಲ.”