ಫಿನಾಯಿಲ್ ಮಾಡಿದ ಶುದ್ಧಿ

ಎಮ್ಮೆ ಕೊಟ್ಟಿಗೆಯ ಪಕ್ಕದಲ್ಲೇ ಗಂಜಲದ ನೀರಿನ ತೊಟ್ಟಿಯಿತ್ತು. ಅದರೊಳಗಿನ ಬ್ಯಾಕ್ಟೀರಿಯಾಗಳು ಮೂಗಿಗೆ ರಾಚುವ ಅಮೋನಿಯಾವನ್ನು ಹಗಲಿರುಳು ತಿಂದು ತೇಗುತ್ತಿದ್ದವು. ಹಾಗಾಗಿ ಕೊಟ್ಟಿಗೆ ಅಷ್ಟಾಗಿ ನಾರುತ್ತಿರಲಿಲ್ಲ.

ಒಂದು ದಿನ ಗೂಡಿನಲ್ಲಿದ್ದ ಫಿನಾಯಿಲ್ ಬಾಟಲಿ ಎಮ್ಮೆಗೆ ಹೇಳಿತು: "ಅಮ್ಮಾವ್ರೇ, ನಿಮ್ಮ ತೊಟ್ಟಿಯ ತುಂಬಾ ಕ್ರಿಮಿಗಳು! ಮುಂದಿನ ವಾರ ನಿಮ್ಮ ಮಗಳನ್ನು ನೋಡಲು ಬರುವ ಗಂಡಿನ ಕಡೆಯವರು ಏನೆಂದುಕೊಂಡಾರು?"

ಎಮ್ಮೆಗೆ ಮರ್ಯಾದೆಯ ಚಿಂತೆ ಹತ್ತಿತು. ತೊಟ್ಟಿಗೆ ಬಗ್ಗಿ ಕೇಳಿತು: "ಏನ್ರಯ್ಯಾ, ತಿನ್ನುವುದು ಬಿಟ್ಟು ನೀವು ಮಾಡುವ ಕೆಲಸವಾದರೂ ಏನು?"

"ತಿನ್ನುವುದೇ ನಮ್ಮ ಕೆಲಸ," ಎಂದವು ಬ್ಯಾಕ್ಟೀರಿಯಾಗಳು, ಬಾಯಿ ತುಂಬಿಕೊಂಡೇ.

"ದಂಡಪಿಂಡಗಳು!" ಎಂದು ಎಮ್ಮೆ ಮುಚ್ಚಳ ಕಚ್ಚಿ ತೆಗೆದು ಬಾಟಲಿಯನ್ನು ತೊಟ್ಟಿಗೆ ಉರುಳಿಸಿತು. ಬ್ಯಾಕ್ಟೀರಿಯಾಗಳೆಲ್ಲ ಸತ್ತವು. ಕೊಟ್ಟಿಗೆ ಆಸ್ಪತ್ರೆಯಂತೆ ಘಮಘಮಿಸಿತು.

ಮುಂದಿನ ವಾರ ಗಂಡಿನ ಕಡೆಯ ಎಮ್ಮೆಗಳು ಬಂದವು. ಒಳಗೆ ಕಾಲಿಟ್ಟಿದ್ದೇ ತಡ, ತಿನ್ನುವವರಿಲ್ಲದೆ ತುಂಬಿಕೊಂಡಿದ್ದ ಅಮೋನಿಯಾ ಮೂಗಿಗೆ ರಾಚಿ ಎಲ್ಲರ ಕಣ್ಣಲ್ಲೂ ದಳದಳ ನೀರು. ಮಗಳು ಅಷ್ಟೊಂದು ಮೆಚ್ಚುಗೆಯಾದಳೆಂದು ಎಮ್ಮೆ ಉಬ್ಬಿಹೋಯಿತು. ಅಷ್ಟರಲ್ಲಿ ಬೀಗರು ಕೆಮ್ಮುತ್ತಾ ಬಾಲವೆತ್ತಿ ಓಡಿದರು.

"ಏನಯ್ಯಾ ಇದು ನಾತ?" ಎಂದು ಎಮ್ಮೆ ತೊಟ್ಟಿಯಲ್ಲಿ ತೇಲುತ್ತಿದ್ದ ಖಾಲಿ ಬಾಟಲಿಯನ್ನು ಗದರಿತು.

"ನಾತದ ವಿಷಯ ನನಗೆ ತಿಳಿಯದು, ಅಮ್ಮಾವ್ರೇ," ಎಂದಿತು ಬಾಟಲಿ ಹೆಮ್ಮೆಯಿಂದ. "ಆದರೆ ಹುಡುಕಿದರೂ ಒಂದು ಕ್ರಿಮಿ ಸಿಕ್ಕರೆ ಕೇಳಿ!"