ಹುಣಸೆಮರಕ್ಕೆ ಹೇಳಬೇಕಾದ ಹೆಸರು

ಶಾಸಕ ರೇವಣಸಿದ್ದಪ್ಪನವರು ವಿಧಾನಸಭೆಯಲ್ಲಿ ಗಿಡಮರಗಳ ಪರ ಗುಡುಗಿಯೇ ಹೆಸರಾದವರು. ಅವರ ಹೊಸ ಮನೆಯ ಬಾಗಿಲಿಗೆ ಬೀದಿಯ ಹಳೇ ಹುಣಸೆಮರ ಅಡ್ಡವಾಯಿತು.

ಮರ ಕಡಿಯುವ ದುರಗಪ್ಪನನ್ನು ಮರೆಗೆ ಕರೆದರು. "ಇವತ್ತೇ ಕಡಿ. ಇಲ್ಲಾಂದ್ರ ನಿನ್ನ ಗುಡಿಸಲು ಕೆಡವಿಸ್ತೀನಿ. ಬಾಣಂತಿ ಮಗಳನ್ನ ಕಟ್ಕೊಂಡು ಬೀದಿಗೆ ಬರ್ತಿ."

ದುರಗಪ್ಪ ಕೊಡಲಿ ಹಿಡಿದು ಮರದ ಬುಡಕ್ಕೆ ಹೋದ. ಬೀದಿಯವರೆಲ್ಲ ಬಂದು ನಿಂತರು. ಅವನು ಶಾಸಕರ ಹತ್ತಿರ ಬಂದು ಪಿಸುಗುಟ್ಟಿದ.

"ಸಾಹೇಬ್ರ, ನಮ್ಮಲ್ಲಿ ಒಂದು ಪದ್ಧತಿ ಐತ್ರಿ. ಕೊಡಲಿ ಹಾಕೂ ಮೊದಲು, ಕಡಿಸಿದವರ ಹೆಸರು ಮರಕ್ಕ ಕೂಗಿ ಹೇಳಬೇಕು. ಪಾಪ ಅವರ ಮನಿಗೇ ಹೋಗ್ಲಿ ಅಂತ."

"ಬ್ಯಾರೆ ಯಾರದಾರ ಹೇಳೋ."

ಅದು ಕೇಳಿಸಿದ್ದೇ, ಪಕ್ಕದಲ್ಲಿದ್ದ ಶಾಸಕರ ಡ್ರೈವರ್ ತನ್ನ ಹೆಸರೇ ಬಂದೀತೆಂದು ಕಾರಿನ ಹಿಂದೆ ಸರಿದ. ದುರಗಪ್ಪ ಶಾಸಕರ ಮುಖವನ್ನೇ ನೋಡುತ್ತ ಕೂಗಲು ಬಾಯಿ ತೆರೆದ.

ಶಾಸಕರು ಥಟ್ಟನೆ ಜನರ ಕಡೆ ತಿರುಗಿ ಅಬ್ಬರಿಸಿದರು. "ಈ ಮರ ಕಡಿಯಾಕ ಹೇಳಿದವ ಯಾವನು?"

ದುರಗಪ್ಪ ಕೈಮುಗಿದ. "ಹೇಳ್ಲೇನ್ರಿ?"

"ಬ್ಯಾಡಪ್ಪಾ," ಎಂದರು ಶಾಸಕರು. "ನಿನ್ನ ಗುಡಿಸಲಿಗೆ ನೀ ಹೋಗು."