ಹಬ್ಬದ ಮನೆಯಲ್ಲಿ ಅಳುವ ಹಾಡು

"ಗುರುಗಳೇ, ಪ್ರೀತಿಯಿಂದ ಕರೆದವರಿಗೆ ಬರುವುದಿಲ್ಲ ಎಂದು ಹೇಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಕರೆದವರು ಯಾರು?"

"ನಮ್ಮೂರ ಧಣಿಗಳು. ದೀಪಾವಳಿಗೆ ಅವರ ಮನೆಯಲ್ಲಿ ಔತಣವಿದೆ. ನಾವು ಬೀದಿಯಲ್ಲಿ ನಿಂತು ಹಾಡುವ ಹಾಡುಗಳನ್ನು ಅವರ ಅತಿಥಿಗಳೂ ಕೇಳಬೇಕಂತೆ. ಇಷ್ಟು ದಿನ ಇಂಥ ಹಾಡು ಕೇಳದೆ ತಪ್ಪು ಮಾಡಿದೆ ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು. ಹೋಗಲು ನನಗೆ ಮನಸ್ಸಿಲ್ಲ. ಇಲ್ಲ ಎನ್ನಲು ಬಾಯಿ ಬರುತ್ತಿಲ್ಲ."

"ಕೂತುಕೋ ತಮ್ಮಾ" ಎಂದರು ಗುರು. "ಒಂದು ಕತೆ ಹೇಳುತ್ತೇನೆ."

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಬಣ್ಣದ ನೂಲಿನ ವ್ಯಾಪಾರ ಮಾಡುತ್ತಿದ್ದ. ಪ್ರತಿ ದೀಪಾವಳಿಗೂ ದೊಡ್ಡ ಔತಣ ಕೊಡುತ್ತಿದ್ದ. ಊಟವಾದ ಮೇಲೆ ಸಂಗೀತ. ಸಂಗೀತವೆಂದರೆ ಅವನಿಗೆ ವೀಣೆ ಒಂದೇ. ಅವನ ತಂದೆ ಅದನ್ನು ಕೇಳಿದ್ದ, ಅವನ ತಾತ ಅದನ್ನು ಕೇಳಿದ್ದ, ಅವನೂ ಅದನ್ನೇ ಕೇಳುತ್ತಿದ್ದ.

ಒಂದು ವರ್ಷ ಅತಿಥಿಯೊಬ್ಬ ಎಲೆಯಡಿಕೆ ಮೆಲ್ಲುತ್ತ, "ಏನು ಸಾಹುಕಾರರೇ, ನಿಮ್ಮ ಮನೆಯಲ್ಲಿ ಸಿಹಿ ವರ್ಷ ವರ್ಷ ಬದಲಾಗುತ್ತದೆ. ವೀಣೆ ಮಾತ್ರ ನಿಮ್ಮ ತಾತ ತಿಂದು ಮಿಗಿಸಿದ್ದು" ಎಂದ. ಎಲ್ಲರೂ ನಕ್ಕರು. ವರ್ತಕನೂ ನಕ್ಕ. ಆದರೆ ಆ ಮಾತು ಅವನಿಗೆ ನಾಟಿತು.

ಅವನು ಕೆಟ್ಟವನಾಗಿರಲಿಲ್ಲ. ಇದನ್ನು ಮರೆಯಬೇಡ. ಕೆಟ್ಟವನಿಗೆ ಇಲ್ಲ ಎನ್ನುವುದು ಕಷ್ಟವಲ್ಲ, ಅವನ ಮುಖ ನೋಡಿದರೆ ಬಾಯಿ ತಾನಾಗಿ ತೆರೆಯುತ್ತದೆ.

ಮುಂದಿನ ವರ್ಷ ಅವನು ದೋಣಿ ನಡೆಸುವವರನ್ನು ಕರೆಸಿದ. ಅದರ ಮುಂದಿನ ವರ್ಷ ಕುರಿ ಕಾಯುವವರನ್ನು. ಆಮೇಲೆ ಬೀಸುವ ಪದ ಹಾಡುವ ಹೆಂಗಸರನ್ನು, ಕಲ್ಲಿನ ಸಮೇತ. ಹಿಟ್ಟು ಬಿದ್ದರೆ ಜಮಖಾನ ಹಾಳಾಗುತ್ತದೆಂದು ಆ ಹೆಂಗಸರು ಕಾಳಿಲ್ಲದ ಕಲ್ಲನ್ನು ತಿರುಗಿಸುತ್ತ ಹಾಡಿದರು. ಅತಿಥಿಗಳು ತಲೆದೂಗಿದರು. ವರ್ತಕ ನಿಜವಾಗಿಯೂ ಸಂತೋಷಪಟ್ಟ. ತನ್ನ ಕಿವಿ ಈಗ ತೆರೆಯಿತು ಎಂದು ಕಂಡಕಂಡವರಿಗೆ ಹೇಳಿದ. ಸುಳ್ಳಲ್ಲ, ಕಿವಿ ತೆರೆದಿತ್ತು. ಹಾಡಿದವರಿಗೆ ಊಟ ಮಾತ್ರ ಹಿತ್ತಲಿನಲ್ಲೇ ಬಡಿಸುತ್ತಿದ್ದರು.

ಇನ್ನು ಯಾವ ಹಾಡು ಉಳಿದಿದೆ ಎಂದು ಅವನು ವಿಚಾರಿಸಿದ. ಅಳುವ ಹಾಡೊಂದು ಉಳಿದಿದೆ ಎಂದು ಯಾರೋ ಹೇಳಿದರು.

ಅವನ ಬಣ್ಣದ ತೊಟ್ಟಿಗಳಲ್ಲಿ ನೂಲು ಅದ್ದುವ ಹೆಂಗಸೊಬ್ಬಳಿದ್ದಳು. ಆ ವರ್ಷ ಅವಳ ಒಬ್ಬಳೇ ಮಗಳು ಸತ್ತಿದ್ದಳು. ಚಿಕ್ಕ ಮಗು. ಅವಳ ಕೇರಿಯಲ್ಲಿ ಹೆಣದ ಮುಂದೆ ಹೆಂಗಸರು ಹಾಡಿ ಅಳುತ್ತಾರೆ. ಸತ್ತವರು ಏನು ತಿನ್ನುತ್ತಿದ್ದರು, ಹೇಗೆ ನಡೆಯುತ್ತಿದ್ದರು, ಯಾರ ಮೇಲೆ ಮುನಿಸಿಕೊಂಡಿದ್ದರು ಎಂಬುದೆಲ್ಲ ಆ ಹಾಡಿನಲ್ಲಿ ಬರುತ್ತದೆ. ಒಬ್ಬಳು ಹಾಡಿದರೆ ಇನ್ನೊಬ್ಬಳು ಅವಳ ಕೊರಳು ತಬ್ಬಿ ಮುಂದಿನ ಮಾತು ಸೇರಿಸುತ್ತಾಳೆ. ಆ ಹೊತ್ತಿನಲ್ಲಿ ಯಾರನ್ನು ಬೈದರೂ ತಪ್ಪಿಲ್ಲ. ಗಂಡನನ್ನು ಬೈಯಬಹುದು, ದೇವರನ್ನು ಬೈಯಬಹುದು, ಧಣಿಯನ್ನೂ ಬೈಯಬಹುದು. ಆ ಹಾಡನ್ನು ಕೇಳಲೆಂದು ಯಾರೂ ಬರುವುದಿಲ್ಲ. ಬಂದವರು ತಾವೂ ಅಳುತ್ತಾರೆ. ಹೆಣ ಎತ್ತಿದರೆ ಹಾಡು ಮುಗಿಯಿತು. ಮತ್ತೆ ಯಾರೂ ಅದನ್ನು ಹಾಡುವುದಿಲ್ಲ.

ವರ್ತಕ ಅವಳಿಗೆ ಹೇಳಿ ಕಳುಹಿಸಿದ. ಅವಳು ಬಂದು ಬಾಗಿಲ ಹೊರಗೆ ನಿಂತಳು.

"ಒಳಗೆ ಬಾರಮ್ಮ. ನೀನು ಮಗಳ ಮುಂದೆ ಹಾಡಿದ್ದು ಕಲ್ಲನ್ನೂ ಕರಗಿಸುವಂತಿತ್ತಂತೆ. ಹಬ್ಬದ ದಿನ ನಮ್ಮವರೂ ಒಂದಿಷ್ಟು ಕೇಳಲಿ."

"ಅದು ಹಬ್ಬಕ್ಕೆ ಹಾಡುವುದಲ್ಲ, ಧಣಿ. ಮನೆಗೆ ಒಳ್ಳೆಯದಾಗುವುದಿಲ್ಲ."

"ಒಳ್ಳೆಯದು ಕೆಟ್ಟದ್ದು ನನಗೆ ಬಿಡು. ನಾನು ಅದನ್ನೆಲ್ಲ ನಂಬುವವನಲ್ಲ. ನಿನ್ನ ದುಃಖವನ್ನು ನಾಲ್ಕು ಜನ ಕೇಳುವುದು ಬೇಡವೇನಮ್ಮ?"

ಈ ಮಾತು ಅವಳನ್ನು ಕಟ್ಟಿಹಾಕಿತು. ಮಗಳು ಹೋದ ಮೇಲೆ ಆ ತೊಟ್ಟಿಗಳ ಹತ್ತಿರ ಯಾರೂ ಅವಳ ದುಃಖದ ಸುದ್ದಿ ಎತ್ತಿರಲಿಲ್ಲ. ಇಲ್ಲ ಎಂದರೆ ಧಣಿಯ ಮನಸ್ಸಿಗೆ ನೋವಾಗುತ್ತದೆ ಎಂದುಕೊಂಡಳು. ಇಲ್ಲ ಎಂದರೆ ಕೆಲಸ ಹೋಗುತ್ತದೆ ಎಂದೂ ಅಂದುಕೊಂಡಳು. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಅವಳಿಗೇ ತಿಳಿಯಲಿಲ್ಲ. ಹೂಂ ಎಂದಳು.

ಹಬ್ಬದ ದಿನ ಅವಳನ್ನು ಜಮಖಾನದ ನಡುವೆ ಕೂರಿಸಿದರು. ಕೊರಳು ತಬ್ಬುವವರು ಯಾರೂ ಇರಲಿಲ್ಲ. ಎಲ್ಲರೂ ಎದುರಿಗೆ ಕೂತಿದ್ದರು. ಅವಳು ಕಣ್ಣು ಮುಚ್ಚಿ, ನೀಲಿ ಉಗುರಿನ ನನ್ನ ಮಗಳೇ ಎಂದು ಶುರು ಮಾಡಿದಳು. ತೊಟ್ಟಿಯ ಪಕ್ಕದಲ್ಲೇ ಆಡಿ ಬೆಳೆದ ಮಗು. ಅದರ ಉಗುರಿಗೆ ನೀಲಿ ಹತ್ತಿತ್ತು. ಬೆಲ್ಲ ಕದ್ದು ತಿಂದು ಇಲ್ಲ ಎನ್ನುತ್ತಿದ್ದುದನ್ನು ಹಾಡಿದಳು. ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದುದನ್ನು ಹಾಡಿದಳು. ಸತ್ತ ದಿನವನ್ನು ಹಾಡಿದಳು. ಬೈಯಬೇಕಾದವರನ್ನು ಬೈದಳು, ತೊಟ್ಟಿಯನ್ನೂ ಅದರ ಧಣಿಯನ್ನೂ ಬೈದಳು. ಹಾಡುತ್ತ ಹಾಡುತ್ತ ನಿಜವಾಗಿ ಅತ್ತಳು. ಅತಿಥಿಗಳೂ ಅತ್ತರು. ವರ್ತಕ ಎಲ್ಲರಿಗಿಂತ ಹೆಚ್ಚು ಅತ್ತ. ಆಮೇಲೆ ಬಾದಾಮಿ ಹಾಲು ಬಂತು.

ಇದೇ ಬೇಕು ಎಂದು ಮುಂದಿನ ವರ್ಷ ಅತಿಥಿಗಳೇ ಕೇಳಿದರು. ಅವರಲ್ಲಿ ಒಬ್ಬ ಪಂಡಿತನಿದ್ದ. ಹಾಡು ಶುರುವಾಗುವ ಮೊದಲು ಅವಳನ್ನು ಪಕ್ಕಕ್ಕೆ ಕರೆದ. "ಹಾಡು ಚೆನ್ನಾಗಿದೆಯಮ್ಮ. ಆದರೆ ಆ ಬೈಗುಳ ಯಾಕೆ? ರಸ ಕೆಡುತ್ತದೆ. ಮತ್ತೆ, ನೀಲಿ ಉಗುರು ಎಂದರೆ ಯಾರಿಗೆ ಅರ್ಥವಾಗುತ್ತದೆ? ಗೋರಂಟಿ ಹಚ್ಚಿದ ಕೆಂಪು ಉಗುರು ಎನ್ನು. ಕಣ್ಣಿಗೆ ಕಟ್ಟುತ್ತದೆ" ಎಂದ. ಓದಿದವನು, ತನ್ನ ಹಾಡಿಗೆ ಇಷ್ಟು ಬೆಲೆ ಕೊಟ್ಟು ಹೇಳುತ್ತಿದ್ದಾನೆ ಎಂದು ಅವಳು ಹೂಂ ಎಂದಳು.

ವರ್ತಕನ ಹೆಂಡತಿ, ಆ ಮಗುವಿನ ಕಾಲಿಗೆ ಒಂದು ಗೆಜ್ಜೆ ಹಾಕಬಾರದೇ ಎಂದಳು. ಕಾಲೆಳೆಯುವ ಮಾತು ಹೋಗಿ ಗೆಜ್ಜೆಯ ಮಾತು ಬಂತು. ಮತ್ತೊಂದು ವರ್ಷ, ಸತ್ತ ದಿನದ ಮಾತು ಉದ್ದವಾಯಿತು, ಊಟ ಮಾಡಿ ಬಂದವರಿಗೆ ಸಂಕಟವಾಗುತ್ತದೆ ಎಂದರು ಅತಿಥಿಗಳು. ಅದನ್ನೂ ಬಿಟ್ಟಳು.

ಒಂದೊಂದು ಸಲವೂ ಅವಳ ಬಾಯಿಗೆ ಇಲ್ಲ ಎಂಬ ಮಾತು ಬಂದು ಹಲ್ಲಿನ ಹಿಂದೆ ನಿಲ್ಲುತ್ತಿತ್ತು. ಎಷ್ಟು ಸಣ್ಣ ಬದಲಾವಣೆ, ಇದಕ್ಕೆ ಯಾಕೆ ಜಗಳ ಎಂದು ನುಂಗಿಕೊಳ್ಳುತ್ತಿದ್ದಳು. ಅವಳಿಗೆ ತಂಗಿಯೊಬ್ಬಳಿದ್ದಳು. ಮಗು ಸತ್ತ ದಿನ ಅವಳ ಕೊರಳು ತಬ್ಬಿ ಅತ್ತವಳು. ಹಬ್ಬ ಹತ್ತಿರ ಬಂದಾಗಲೆಲ್ಲ, "ಹೋಗಬೇಡ ಅಕ್ಕಾ. ಅವರಿಗೇನು, ಪಟಾಕಿ ಹೊಡೆದು ಬೇಸರವಾದರೆ ನಿನ್ನ ಮಗಳು ಬೇಕು" ಎನ್ನುತ್ತಿದ್ದಳು. "ಇದೊಂದು ವರ್ಷ ಕಣೇ" ಎಂದು ಇವಳು ಹೋಗುತ್ತಿದ್ದಳು.

ಅವಳ ಹಾಡು ಚೆನ್ನಾಗುತ್ತ ಹೋಯಿತು. ಎಲ್ಲಿ ನಿಲ್ಲಿಸಿದರೆ ಎದುರಿಗಿದ್ದವರು ಅಳುತ್ತಾರೆ ಎಂದು ಅವಳಿಗೆ ತಿಳಿಯಿತು. ಅಲ್ಲಿ ನಿಲ್ಲಿಸುತ್ತಿದ್ದಳು. ಅವರು ಅಳುತ್ತಿದ್ದರು. ಅವಳು ಅಳುವುದು ಮಾತ್ರ ಯಾವಾಗ ನಿಂತಿತೋ ಅವಳು ಗಮನಿಸಲಿಲ್ಲ.

ಹೀಗೆ ಕೆಲವು ವರ್ಷ ಕಳೆಯಿತು. ಒಂದು ದೀಪಾವಳಿಯ ಬೆಳಗ್ಗೆ ತಂಗಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಾತಿಗೆ ಮಾತು ಬಂದು ಮಗುವಿನ ನೆನಪು ಬಂತು.

"ನನ್ನ ಮಗಳ ಕೈಗೆ ಗೋರಂಟಿ ಎಷ್ಟು ಕೆಂಪಗೆ ಹತ್ತುತ್ತಿತ್ತು ಅಲ್ಲವೇನೇ" ಎಂದಳು ಇವಳು.

ತಂಗಿಯ ಕೈ ನಿಂತಿತು. "ಯಾವ ಗೋರಂಟಿ? ಅದು ಗೋರಂಟಿ ಹಚ್ಚಿಕೊಂಡದ್ದು ಯಾವಾಗ ಅಕ್ಕಾ? ಉಗುರೆಲ್ಲ ನೀಲಿ ಇತ್ತು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ನೀನೇ ಅಳುತ್ತ ತಿಕ್ಕುತ್ತಿದ್ದೆಯಲ್ಲ?"

ಹೌದು ಎಂದಳು ಇವಳು. ಕಣ್ಣು ಮುಚ್ಚಿ ಮಗಳನ್ನು ನೆನೆದಳು. ಬಂದ ಮಗುವಿನ ಉಗುರು ಕೆಂಪಾಗಿತ್ತು. ಅದು ಕಾಲೆಳೆಯದೆ ನಡೆದು ಬಂತು. ಗೆಜ್ಜೆ ಸದ್ದಾಯಿತು. ಮನಸ್ಸಿನಲ್ಲೇ ಆ ಗೆಜ್ಜೆಗಳನ್ನು ಬಿಚ್ಚಲು ನೋಡಿದಳು. ಬಿಚ್ಚಲು ಬರಲಿಲ್ಲ. ಮಗು ಅಮ್ಮಾ ಎನ್ನುತ್ತಿದ್ದುದು ಹೇಗೆ ಎಂದು ನೆನಪು ಮಾಡಿಕೊಂಡಳು. ಕೇಳಿಸಿದ್ದು ತಾನು ಹಾಡುವ ದನಿ. ಮತ್ತೆ ಮತ್ತೆ ಕರೆದಳು. ಪ್ರತಿ ಸಲವೂ ಔತಣದ ಮಗುವೇ ಬಂತು. ಎದುರಿಗಿದ್ದವರು ಎಲ್ಲಿ ಅಳುತ್ತಿದ್ದರೋ ಅಲ್ಲಿ ಬಂದು ನಿಲ್ಲುತ್ತಿತ್ತು.

ಮಗಳು ಒಂದು ಸಲ ಸತ್ತದ್ದು ಅವಳಿಗೆ ಗೊತ್ತಿತ್ತು. ಎರಡನೆಯ ಸಲ ಸತ್ತದ್ದು ಆಗ ಗೊತ್ತಾಯಿತು. ಈ ಸಲ ತನ್ನ ಬಾಯಿಯಿಂದ.

ತಲೆಯ ಎಣ್ಣೆ ಹಾಗೆಯೇ ಇತ್ತು. ಎದ್ದು ವರ್ತಕನ ಮನೆಗೆ ಹೋದಳು. ಅವನು ಏಣಿಯ ಕೆಳಗೆ ನಿಂತು ಆಕಾಶಬುಟ್ಟಿ ಕಟ್ಟಿಸುತ್ತಿದ್ದ.

"ಧಣಿ, ನಾನು ಹಾಡುವುದಿಲ್ಲ. ಇನ್ನು ಯಾವತ್ತೂ ಹಾಡುವುದಿಲ್ಲ."

"ಸರಿಯಮ್ಮ, ನಿನ್ನಿಷ್ಟ" ಎಂದ ವರ್ತಕ. "ನಾನೇ ಹೇಳಿ ಕಳುಹಿಸಬೇಕು ಎಂದಿದ್ದೆ. ಅದನ್ನು ಎಲ್ಲರೂ ಕೇಳಿಯಾಯಿತಲ್ಲ. ಈ ಸಲ ಬೆಟ್ಟದ ಮೇಲಿನವರ ಕೊಳಲು ಇಟ್ಟಿದ್ದೇನೆ. ಅದೆಂಥ ಸಂಗೀತ ಅಂತೀಯ! ನೀನೂ ಬಂದು ಕೇಳು." ಏಣಿಯ ಮೇಲಿದ್ದವನಿಗೆ, ಇನ್ನೂ ಸ್ವಲ್ಪ ಎಡಕ್ಕೆ ಎಂದ.

ಇಷ್ಟು ವರ್ಷ ಅವಳು ಹೆದರಿದ್ದು ಅವನ ಈ ಉತ್ತರಕ್ಕೆ. ಅವನು ಸಿಟ್ಟಾಗಲಿಲ್ಲ. ಕೆಲಸದಿಂದ ತೆಗೆಯಲಿಲ್ಲ. ಅವನಿಗೆ ನೋವೂ ಆಗಲಿಲ್ಲ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅವನು ಸಿಟ್ಟಾಗಿದ್ದರೆ, ತಾನು ಕೊಟ್ಟದ್ದು ಒಂದು ದೊಡ್ಡ ವಸ್ತು ಎಂದಾದರೂ ಆಗುತ್ತಿತ್ತು.

ಅಲ್ಲಿಂದ ಅವಳು ಮಗುವನ್ನು ಹೂತ ಜಾಗಕ್ಕೆ ಹೋದಳು. ಮಣ್ಣಿನ ಮೇಲೆ ಕೈಯಿಟ್ಟು ಕೂತಳು. ಹಳೆಯ ಹಾಡು ಒಮ್ಮೆ ಬಂದರೆ ಸಾಕು, ಹಳೆಯ ಮಗಳು ಬರುತ್ತಾಳೆ ಎಂದುಕೊಂಡಳು. ಬಾಯಿ ತೆರೆದಳು. ಕೆಂಪು ಉಗುರಿನ ನನ್ನ ಮಗಳೇ ಎಂದು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಟ್ಟಣದಲ್ಲಿ ಪಟಾಕಿ ಶುರುವಾಗುವವರೆಗೂ ಹಾಗೆಯೇ ಕೂತಿದ್ದಳು.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಣ್ಣೊರೆಸಿಕೊಂಡ. "ಎಂಥ ಕತೆ, ಗುರುಗಳೇ! ಕರುಳು ಕಿತ್ತು ಬಂದಂತಾಯಿತು. ಅದರಲ್ಲೂ ಆ ಗೋರಂಟಿಯ ಮಾತು ಬಂದಾಗ ತಡೆಯಲಾಗಲಿಲ್ಲ. ನಾಳೆ ನಮ್ಮವರನ್ನೆಲ್ಲ ಕರೆದುಕೊಂಡು ಬರುತ್ತೇನೆ. ನೀವು ಇದನ್ನು ಇನ್ನೊಮ್ಮೆ ಹೇಳಬೇಕು" ಎಂದ.

ಗುರು ಅವನ ಮುಖವನ್ನೇ ನೋಡಿದರು.

"ಆ ಮಗು ಯಾಕೆ ಸತ್ತಿತು ಎಂದು ನೀನೂ ಕೇಳಲಿಲ್ಲ."